ತರಗತಿಯೆಲ್ಲ ಸಹಿ ಹಾಕಿದ ಹಾಳೆ

ಓದುಗರ ಪ್ರಶ್ನೆ, ನಮ್ಮ ಉತ್ತರ

(ಪತ್ರಗಳನ್ನು ಸಂಕ್ಷೇಪಿಸಲಾಗಿದೆ. ಬರೆದವರ ಗುರುತು ಸಿಗಬಹುದಾದ ವಿವರಗಳನ್ನು ಬಿಟ್ಟಿದ್ದೇವೆ.)

ಪ್ರಶ್ನೆ: ಮೇಡಂ, ನಾನು ಮಂಡ್ಯದ ಒಂದು ಅನುದಾನಿತ ಪ್ರೌಢಶಾಲೆಯಲ್ಲಿ ಹತ್ತನೆಯ ತರಗತಿ ಓದುತ್ತಿದ್ದೇನೆ. ದಿನವೂ ನಮ್ಮ ಹಳ್ಳಿಯಿಂದ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ನಮಗೆ ಗಣಿತ ಹೇಳಿಕೊಡುವ ಮೇಷ್ಟರು ಸಂಜೆ ತಮ್ಮ ಮನೆಯಲ್ಲಿ ಟ್ಯೂಷನ್ ನಡೆಸುತ್ತಾರೆ. ಅಲ್ಲಿಗೆ ಹೋಗದ ನಮ್ಮಂಥವರಿಗೆ, ‘ಇಂಟರ್ನಲ್ ಮಾರ್ಕ್ಸ್ ಯಾರ ಕೈಯಲ್ಲಿದೆ ಅಂತ ಗೊತ್ತಿದೆ ತಾನೇ?’ ಎಂದು ತರಗತಿಯಲ್ಲಿಯೇ ಕೇಳುತ್ತಾರೆ. ನನ್ನ ಪಕ್ಕ ಕುಳಿತುಕೊಳ್ಳುವ ಗೆಳೆಯನ ತಂದೆ ಈ ಬಗ್ಗೆ ಮುಖ್ಯೋಪಾಧ್ಯಾಯರಿಗೆ ದೂರು ಕೊಟ್ಟರು. ಎರಡು ದಿನ ಕಳೆದ ಮೇಲೆ ನಮ್ಮ ಕ್ಲಾಸ್ ಲೀಡರ್ ಒಂದು ಹಾಳೆ ತಂದು, ‘ನಮ್ಮ ಸರ್ ಯಾರನ್ನೂ ಟ್ಯೂಷನ್ನಿಗೆ ಬಲವಂತ ಮಾಡಿಲ್ಲ, ದೂರು ಕೊಟ್ಟವರು ಸುಳ್ಳು ಹೇಳುತ್ತಿದ್ದಾರೆ’ ಎಂದು ಬರೆದಿದ್ದುದಕ್ಕೆ ಎಲ್ಲರ ಸಹಿ ಕೇಳಿದ. ಎಲ್ಲರೂ ಹಾಕಿದರು. ನಾನು ಹಾಕಲಿಲ್ಲ. ಆ ಹುಡುಗನೊಂದಿಗೆ ಯಾರೂ ಮಾತನಾಡಬಾರದು ಎಂದು ಲೀಡರ್ ಹೇಳಿದ್ದಾನೆ; ನಾನು ಇನ್ನೂ ಅವನ ಪಕ್ಕದಲ್ಲೇ ಕೂರುವುದರಿಂದ ಈಗ ನನ್ನನ್ನೂ ಮಾತು ಬಿಟ್ಟಿದ್ದಾರೆ, ತರಗತಿಯ ವಾಟ್ಸಾಪ್ ಗುಂಪಿನಿಂದಲೂ ತೆಗೆದಿದ್ದಾರೆ. ಹಾಳೆಯನ್ನು ಇನ್ನೂ ಆಫೀಸಿಗೆ ಕೊಟ್ಟಿಲ್ಲ, ನನ್ನ ಸಹಿಗಾಗಿ ಕಾಯುತ್ತಿದ್ದೇವೆ ಎನ್ನುತ್ತಾರೆ. ಮನೆಯಲ್ಲಿ ಅಪ್ಪ, ‘ಊರ ಉಸಾಬರಿ ನಮಗ್ಯಾಕೆ, ಒಂದು ವರ್ಷ ಕಣ್ಣುಮುಚ್ಚಿಕೊಂಡು ಕಳೆದುಬಿಡು’ ಎನ್ನುತ್ತಾರೆ. ಹೋದ ವರ್ಷ ನಮ್ಮನ್ನು ಮದ್ದೂರಿನ ಶಿವಪುರದ ಸತ್ಯಾಗ್ರಹ ಸೌಧಕ್ಕೆ ಕರೆದುಕೊಂಡು ಹೋಗಿ, ಅನ್ಯಾಯವನ್ನು ಎದುರಿಸಬೇಕು ಎಂದು ಹೇಳಿಕೊಟ್ಟವರೂ ಇದೇ ಶಾಲೆಯವರು. ನಾನು ಸಹಿ ಹಾಕಬೇಕೇ? ಹಾಕದಿದ್ದರೆ ನನ್ನ ಅಂಕ ಕಳೆದರೆ ಏನು ಮಾಡಲಿ?
— ಹೆಸರು ಬೇಡ, ಮಂಡ್ಯ ಜಿಲ್ಲೆ

ಉತ್ತರ: ಸಹಿ ಹಾಕಬೇಡ. ಹಾಳೆಯಲ್ಲಿರುವ ಮಾತು ನಿಜವಲ್ಲವೆಂದು ನೀನು ಕಿವಿಯಾರೆ ಕೇಳಿ ತಿಳಿದಿದ್ದೀಯೆ. ಅದಕ್ಕಿಂತ ಹೆಚ್ಚಿನ ಕಾರಣವನ್ನು ನೀನು ಯಾರಿಗೂ ಕೊಡಬೇಕಾಗಿಲ್ಲ. ಆದರೆ ಸಹಿ ಹಾಕದೆ ಉಳಿಯುವುದು ಹೇಗೆ, ಉಳಿದ ಮೇಲೆ ಬರುವ ತೊಂದರೆಯನ್ನು ಯಾರ ಹೆಗಲಿಗೆ ದಾಟಿಸಬೇಕು ಎಂಬುದನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ, ಏಕೆಂದರೆ ‘ಧೈರ್ಯವಾಗಿರು’ ಎಂದಷ್ಟೇ ಹೇಳಿ ಹದಿನೈದು ವರ್ಷದ ಹುಡುಗನನ್ನು ಅದೇ ತರಗತಿಗೆ ವಾಪಸು ಕಳಿಸುವುದು ಹಿರಿಯರಾದವರಿಗೆ ತಕ್ಕುದಲ್ಲ.

ಮೊದಲು ಆ ಹಾಳೆಯ ವಿಷಯ. ಇಂಥ ದೂರು ಮುಖ್ಯೋಪಾಧ್ಯಾಯರ ಮೇಜನ್ನು ದಾಟಿ ಹೋದರೆ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಗೆ ಹೋಗುತ್ತದೆ, ಅವರು ಶಾಲೆಗೆ ಬಂದು ವಿಚಾರಿಸಬಹುದು, ಆಗ ಶಾಲೆಯವರು ಮುಂದಿಡುವ ಮೊದಲ ಕಾಗದವೇ ಈ ಹಾಳೆಯಾಗಿರುತ್ತದೆ. ‘ತರಗತಿಯ ಎಲ್ಲ ಮಕ್ಕಳೂ ಒಂದೇ ಮಾತು ಹೇಳುತ್ತಿದ್ದಾರೆ’ ಎಂದು ತೋರಿಸುವುದಕ್ಕಾಗಿಯೇ ಅದು ಹುಟ್ಟಿದೆ. ಒಂದು ಸಹಿ ಕಡಿಮೆಯಾದರೆ ‘ಎಲ್ಲ’ ಎಂಬ ಶಬ್ದ ಸುಳ್ಳಾಗುತ್ತದೆ. ಅವರು ನಿನ್ನೊಬ್ಬನಿಗಾಗಿ ಕಾಯುತ್ತಿರುವುದು ಅದಕ್ಕೇ. ಸಹಿ ಹಾಕಿದ ಹುಡುಗರ ಮೇಲೆ ನನಗೇನೂ ಸಿಟ್ಟಿಲ್ಲ. ಅವರಲ್ಲಿ ಬಹುತೇಕರು ಓದಿ ನೋಡಿರಲಾರರು, ಓದಿದವರು ಹೆದರಿರುತ್ತಾರೆ, ಇನ್ನು ಕೆಲವರು ಪಕ್ಕದವನು ಹಾಕಿದನೆಂದು ಹಾಕಿರುತ್ತಾರೆ.

ಈ ಕೊನೆಯ ಕಾರಣವನ್ನು ಸಣ್ಣದೆಂದು ತಿಳಿಯಬೇಡ. 1950ರ ದಶಕದ ಆರಂಭದಲ್ಲಿ ಅಮೆರಿಕದ ಮನೋವಿಜ್ಞಾನಿ ಸಾಲೊಮನ್ ಆ್ಯಶ್ ಎಂಬುವರು ಕಾಲೇಜು ಹುಡುಗರನ್ನು ಗುಂಪಾಗಿ ಕೂರಿಸಿ ಒಂದು ಸುಲಭದ ಪರೀಕ್ಷೆ ಮಾಡಿದರು. ಒಂದು ಗೆರೆಯನ್ನು ತೋರಿಸಿ, ಇನ್ನೊಂದು ಕಾರ್ಡಿನಲ್ಲಿರುವ ಮೂರು ಗೆರೆಗಳಲ್ಲಿ ಅದೇ ಉದ್ದದ್ದು ಯಾವುದೆಂದು ಜೋರಾಗಿ ಹೇಳಬೇಕಿತ್ತು. ಗುಂಪಿನಲ್ಲಿ ಒಬ್ಬನನ್ನು ಬಿಟ್ಟು ಉಳಿದವರೆಲ್ಲರಿಗೂ ಕೆಲವು ಸುತ್ತುಗಳಲ್ಲಿ ಒಂದೇ ತಪ್ಪು ಉತ್ತರವನ್ನು ಹೇಳುವಂತೆ ಮೊದಲೇ ಗುಟ್ಟಾಗಿ ಹೇಳಿಕೊಟ್ಟಿದ್ದರು. ಒಬ್ಬನೇ ಕುಳಿತು ಉತ್ತರಿಸಿದಾಗ ನೂರರಲ್ಲಿ ಒಂದು ತಪ್ಪನ್ನೂ ಮಾಡದಂಥ ಹುಡುಗರು ಆ ಸುತ್ತುಗಳಲ್ಲಿ ಗುಂಪಿನ ಮಾತು ಕೇಳಿ ಮೂರನೆಯ ಒಂದು ಪಾಲಿಗಿಂತ ತುಸು ಹೆಚ್ಚು ಬಾರಿ ಕಣ್ಣೆದುರಿನ ಸತ್ಯವನ್ನು ಬಿಟ್ಟು ತಪ್ಪನ್ನೇ ಹೇಳಿದರು. ಅಲ್ಲಿ ಅಂಕದ ಬೆದರಿಕೆ ಇರಲಿಲ್ಲ, ಮೇಷ್ಟರೂ ಇರಲಿಲ್ಲ, ಬಸ್ಸಿನಲ್ಲಿ ಸೀಟು ಹಿಡಿಯುವ ಗೆಳೆಯರೂ ಇರಲಿಲ್ಲ. ಅಷ್ಟಿದ್ದೂ ಹಾಗಾಯಿತು.

ನಿನಗೆ ಉಪಯೋಗಕ್ಕೆ ಬರುವ ಭಾಗ ಇದರ ಮುಂದಿನದು. ಗುಂಪಿನಲ್ಲಿ ಇನ್ನೊಬ್ಬನೇ ಒಬ್ಬ ಸರಿಯಾದ ಉತ್ತರ ಹೇಳುವವನನ್ನು ಕೂರಿಸಿದಾಗ ಆ ತಪ್ಪುಗಳು ಕಾಲು ಭಾಗಕ್ಕೆ ಇಳಿದವು. ಆ ಜೊತೆಗಾರ ಅರ್ಧದಲ್ಲಿ ತಿರುಗಿಬಿದ್ದು ಗುಂಪಿನ ಕಡೆ ಸೇರಿಕೊಂಡಾಗ ತಪ್ಪುಗಳು ಒಮ್ಮೆಗೇ ಮತ್ತೆ ಏರಿದವು. ನಿನ್ನ ತರಗತಿಯಲ್ಲಿ ದೂರು ಕೊಟ್ಟ ಮನೆಯ ಹುಡುಗನಿಗೆ ಆ ಇನ್ನೊಬ್ಬ ನೀನು, ನಿನಗೆ ಅವನು. ಆದ್ದರಿಂದ ನೀನು ಈಗಾಗಲೇ ಮಾಡುತ್ತಿರುವ ಕೆಲಸ, ಅಂದರೆ ಅದೇ ಬೆಂಚಿನಲ್ಲಿ ಅವನ ಪಕ್ಕ ಕೂರುವುದು, ನೀನು ತಿಳಿದಿರುವುದಕ್ಕಿಂತ ದೊಡ್ಡದು. ಮೂರನೆಯವನೊಬ್ಬ ಸಿಗುತ್ತಾನೆಯೇ ನೋಡು. ತರಗತಿಯಲ್ಲಿ ಹುಡುಕಬೇಡ, ಬಸ್ಸಿನಲ್ಲಿ, ಆಟದ ಮೈದಾನದಲ್ಲಿ, ಒಬ್ಬೊಬ್ಬರೇ ಇದ್ದಾಗ ಮಾತನಾಡಿಸು. ಗುಂಪಿನಲ್ಲಿ ಮುಖ ತಿರುಗಿಸುವ ಹುಡುಗ ಒಬ್ಬನೇ ಸಿಕ್ಕಾಗ ‘ಏನ್ ಮಾಡ್ಲಿ ಮಗಾ, ಹೆದರಿಕೆ ಆಯ್ತು’ ಎನ್ನುವುದು ಅಪರೂಪವೇನಲ್ಲ. ಅಂಥವನ ಮೇಲೆ ಸಹಿ ವಾಪಸು ತೆಗೆದುಕೋ ಎಂದು ಒತ್ತಡ ಹೇರಬೇಡ. ಅವನು ನಿನ್ನೊಂದಿಗೆ ಬುತ್ತಿ ಬಿಚ್ಚಿದರೆ ಸಾಕು.

ಇನ್ನು ಕಾನೂನು. 2009ರ ಶಿಕ್ಷಣ ಹಕ್ಕು ಕಾಯ್ದೆಯ 28ನೆಯ ಸೆಕ್ಷನ್ ಒಂದೇ ಸಾಲಿನದು: ಯಾವ ಶಿಕ್ಷಕರೂ ಖಾಸಗಿ ಟ್ಯೂಷನ್ ಅಥವಾ ಖಾಸಗಿ ಬೋಧನೆಯಲ್ಲಿ ತೊಡಗುವಂತಿಲ್ಲ. ಬಲವಂತ ಮಾಡಿದರೋ ಇಲ್ಲವೋ ಎಂಬ ಪ್ರಶ್ನೆಯೇ ಅಲ್ಲಿಲ್ಲ. ಹಾಗಾಗಿ ನಿಮ್ಮ ಹಾಳೆಯಲ್ಲಿ ‘ಬಲವಂತ ಮಾಡಿಲ್ಲ’ ಎಂದು ಬರೆದಿರುವುದು, ಓದಿ ನೋಡಿದರೆ, ಟ್ಯೂಷನ್ ನಡೆಯುತ್ತಿದೆ ಎಂಬುದನ್ನು ಇಡೀ ತರಗತಿಯ ಕೈಯಲ್ಲಿ ಬರೆಸಿಕೊಟ್ಟಂತೆಯೇ ಆಗಿದೆ. ಬರೆಸಿದವರಿಗೆ ಇದು ಹೊಳೆದಂತಿಲ್ಲ. ಅದೇ ಕಾಯ್ದೆಯ 17ನೆಯ ಸೆಕ್ಷನ್ ದೈಹಿಕ ಶಿಕ್ಷೆಯ ಜೊತೆಗೆ ಮಾನಸಿಕ ಕಿರುಕುಳವನ್ನೂ ನಿಷೇಧಿಸುತ್ತದೆ. ಆ ಕಾಯ್ದೆಯಲ್ಲಿ ಮಗು ಎಂದರೆ 6ರಿಂದ 14 ವರ್ಷದವರು, ನೀನು ಆ ವಯಸ್ಸನ್ನು ದಾಟಿರುವೆ. ಆದರೆ 2015ರ ಬಾಲನ್ಯಾಯ ಕಾಯ್ದೆಗೆ 18 ತುಂಬದವರೆಲ್ಲರೂ ಮಕ್ಕಳೇ. ತಮ್ಮ ಸುಪರ್ದಿನಲ್ಲಿರುವ ಮಗುವಿಗೆ ಅನಗತ್ಯವಾದ ಮಾನಸಿಕ ಅಥವಾ ದೈಹಿಕ ಯಾತನೆ ಕೊಡುವುದನ್ನು ಅದರ 75ನೆಯ ಸೆಕ್ಷನ್ ಅಪರಾಧವೆನ್ನುತ್ತದೆ. ಇದನ್ನೆಲ್ಲ ನೀನು ಹೋಗಿ ಮೇಷ್ಟರ ಮುಂದೆ ಒಪ್ಪಿಸಬೇಕೆಂದು ನಾನು ಬರೆಯುತ್ತಿಲ್ಲ. ಖಂಡಿತ ಹಾಗೆ ಮಾಡಬೇಡ. ನಿನ್ನ ತಂದೆಯವರಿಗೆ ಈ ಪುಟವನ್ನು ಓದಿಸಬಹುದು.

ಅಂಕದ ಹೆದರಿಕೆಯನ್ನು ಅದರ ಅಳತೆಯಲ್ಲಿಯೇ ನೋಡೋಣ. ಎಸ್ಸೆಸ್ಸೆಲ್ಸಿಯಲ್ಲಿ ಗಣಿತದ 100 ಅಂಕಗಳಲ್ಲಿ 80 ಅಂಕ ಲಿಖಿತ ಪರೀಕ್ಷೆಯದು; ಆ ಉತ್ತರ ಪತ್ರಿಕೆ ನಿಮ್ಮ ಮೇಷ್ಟರ ಕೈಗೆ ಬರುವುದಿಲ್ಲ, ನಿನ್ನ ಹೆಸರೂ ಗೊತ್ತಿಲ್ಲದ ಮೌಲ್ಯಮಾಪಕರು ಅದನ್ನು ತಿದ್ದುತ್ತಾರೆ. ಶಾಲೆಯ ಕೈಯಲ್ಲಿರುವುದು ಆಂತರಿಕ ಮೌಲ್ಯಮಾಪನದ 20 ಅಂಕ, ಅದೂ ವರ್ಷವಿಡೀ ನಡೆಯುವ ಕಿರುಪರೀಕ್ಷೆ ಮತ್ತು ಚಟುವಟಿಕೆಗಳಿಗೆ ಹಂಚಿಹೋಗಿರುವಂಥದ್ದು. ತಿದ್ದಿ ಕೊಟ್ಟ ಪ್ರತಿಯೊಂದು ಕಿರುಪರೀಕ್ಷೆಯ ಉತ್ತರ ಪತ್ರಿಕೆಯನ್ನೂ, ಚಟುವಟಿಕೆಯ ಪುಸ್ತಕವನ್ನೂ ಎತ್ತಿಡು. ವಾಪಸು ಕೇಳಿದರೆ ಕೊಡುವ ಮೊದಲು ಮನೆಯವರ ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟುಕೋ. ಬರೆದದ್ದು ಒಂದು, ಕೊಟ್ಟ ಅಂಕ ಇನ್ನೊಂದು ಎಂದು ತೋರಿಸಲು ಕಾಗದವಿದ್ದ ಹುಡುಗನ ಅಂಕವನ್ನು ಕಳೆಯುವುದು, ಈಗಾಗಲೇ ಒಂದು ದೂರನ್ನು ಎದುರಿಸುತ್ತಿರುವವರಿಗೆ, ಅಷ್ಟು ಸುಲಭವಾಗಿರುವುದಿಲ್ಲ.

ಹಾಳೆ ಮತ್ತೆ ಬಂದಾಗ ಏನು ಹೇಳಬೇಕು? ಮೇಷ್ಟರು ಕೆಟ್ಟವರು, ನೀವೆಲ್ಲ ಹೇಡಿಗಳು ಎಂಬ ಭಾಷಣ ಬೇಡ. ‘ಅಪ್ಪನಿಗೆ ತೋರಿಸದೆ ಯಾವ ಕಾಗದಕ್ಕೂ ಸಹಿ ಹಾಕುವುದಿಲ್ಲ, ಒಂದು ಪ್ರತಿ ಕೊಡಿ, ಮನೆಗೆ ತೆಗೆದುಕೊಂಡು ಹೋಗುತ್ತೇನೆ’ ಎಂದು ಹೇಳು. ಇದು ಸುಳ್ಳೂ ಅಲ್ಲ, ಉದ್ಧಟತನವೂ ಅಲ್ಲ, ಮತ್ತು ಆ ಪ್ರತಿಯನ್ನು ಅವರು ಕೊಡಲಾರರು. ವಿನಯದಿಂದ ನಿರಾಕರಿಸುವುದು ಅಶಿಸ್ತು ಎಂದು ಯಾರಾದರೂ ಹೆದರಿಸಿದರೆ, ನಮ್ಮ ಸುಪ್ರೀಂ ಕೋರ್ಟು 1986ರಲ್ಲಿ ಕೇರಳದ ಮೂವರು ಮಕ್ಕಳ ಪ್ರಕರಣದಲ್ಲಿ ಹೇಳಿದ್ದನ್ನು ನೆನಪಿಡು. ತಮ್ಮ ಧರ್ಮದ ನಂಬಿಕೆಯ ಕಾರಣಕ್ಕೆ ರಾಷ್ಟ್ರಗೀತೆಯನ್ನು ಹಾಡದಿದ್ದ, ಆದರೆ ಹಾಡುವಾಗ ಗೌರವದಿಂದ ಎದ್ದು ನಿಲ್ಲುತ್ತಿದ್ದ ಆ ಮಕ್ಕಳನ್ನು ಶಾಲೆಯಿಂದ ತೆಗೆದುಹಾಕಿದ್ದರು. ನ್ಯಾಯಾಲಯ ಅವರನ್ನು ಮತ್ತೆ ಸೇರಿಸಿಕೊಳ್ಳುವಂತೆ ಆದೇಶಿಸಿತು. ನಿನ್ನ ವಿಷಯ ಬೇರೆಯೇ ಆದರೂ, ನಮಸ್ಕಾರ ಹೇಳುತ್ತ, ಎದ್ದು ನಿಂತು, ಹೋಂವರ್ಕ್ ತಪ್ಪಿಸದೆ, ಒಂದು ಸಹಿಯನ್ನು ಮಾತ್ರ ಹಾಕದೆ ಇರುವುದು ಸಾಧ್ಯ ಎಂಬುದಕ್ಕೆ ಅದು ಸಾಕ್ಷಿ.

ಒಂದು ನೋಟ್‌ಬುಕ್ಕಿನಲ್ಲಿ ದಿನಾಂಕ ಹಾಕಿ, ಯಾರು ಏನೆಂದರು, ಆಗ ಅಲ್ಲಿ ಯಾರಿದ್ದರು ಎಂದು ಎರಡೆರಡು ಸಾಲು ಬರೆದಿಡು. ವಿಶೇಷಣಗಳನ್ನು ಹಚ್ಚಬೇಡ, ಆಡಿದ ಮಾತನ್ನು ಆಡಿದಂತೆಯೇ ಬರೆ. ಆ ಪುಸ್ತಕ ಮನೆಯಲ್ಲಿರಲಿ, ಶಾಲೆಯ ಚೀಲದಲ್ಲಿ ಬೇಡ. ವಾಟ್ಸಾಪ್ ಗುಂಪಿಗೆ ಮತ್ತೆ ಸೇರಿಸಿ ಎಂದು ಬೇಡಿಕೊಳ್ಳಬೇಡ. ಅದರಲ್ಲಿ ಬರುವ ಪಾಠದ ಸೂಚನೆಗಳು ನಿನಗೆ ತಲುಪುತ್ತಿಲ್ಲವೆಂದರೆ ಅದು ತರಗತಿಯ ಅಧ್ಯಾಪಕರಿಗೆ ಹೇಳಬೇಕಾದ ವಿಷಯ, ಹೇಳು.

ತಂದೆಯವರ ಬಗ್ಗೆ. ‘ಊರ ಉಸಾಬರಿ’ ಎನ್ನುವ ರೈತ ತಂದೆ ಹೇಡಿಯಲ್ಲ. ಕಬ್ಬಿನ ಬಿಲ್ಲಿಗೆ, ನಾಲೆಯ ನೀರಿಗೆ, ಪಹಣಿಯ ತಿದ್ದುಪಡಿಗೆ ಕಚೇರಿಯ ಮೆಟ್ಟಿಲು ಹತ್ತಿ ಇಳಿದವರಿಗೆ, ಅಧಿಕಾರದಲ್ಲಿರುವವರನ್ನು ಎದುರು ಹಾಕಿಕೊಂಡರೆ ಏನಾಗುತ್ತದೆ ಎಂಬುದು ನಿನಗಿಂತ ಚೆನ್ನಾಗಿ ಗೊತ್ತಿರುತ್ತದೆ. ಆದ್ದರಿಂದ ಅವರನ್ನು ಒಬ್ಬರೇ ಹೋಗಿ ಜಗಳವಾಡಿ ಎಂದು ಕೇಳಬೇಡ. ಗೆಳೆಯನ ತಂದೆಯವರೊಂದಿಗೆ ಕುಳಿತು ಒಮ್ಮೆ ಮಾತನಾಡಿ ಎಂದಷ್ಟೇ ಕೇಳು. ಇಬ್ಬರು ಪೋಷಕರು ಒಟ್ಟಿಗೆ ಹೋಗಿ ಮುಖ್ಯೋಪಾಧ್ಯಾಯರಿಗೆ ಬರವಣಿಗೆಯಲ್ಲಿ ಮನವಿ ಕೊಟ್ಟು, ಇನ್ನೊಂದು ಪ್ರತಿಗೆ ಶಾಲೆಯ ಸೀಲು ಮತ್ತು ದಿನಾಂಕ ಹಾಕಿಸಿಕೊಂಡು ಬರಲಿ. ಅಲ್ಲಿ ಕೆಲಸವಾಗದಿದ್ದರೆ ಕ್ಷೇತ್ರ ಶಿಕ್ಷಣಾಧಿಕಾರಿ, ಆಮೇಲೆ ಮಂಡ್ಯದಲ್ಲಿರುವ ಸಾರ್ವಜನಿಕ ಶಿಕ್ಷಣ ಇಲಾಖೆಯ ಉಪನಿರ್ದೇಶಕರ ಕಚೇರಿ, ಅದೂ ಸಾಲದೆ ಹೋದರೆ ಬೆಂಗಳೂರಿನ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ. ನೀನೇ ನೇರವಾಗಿ ಮಾತನಾಡಬೇಕೆನಿಸಿದರೆ ಮಕ್ಕಳ ಸಹಾಯವಾಣಿ 1098 ಹಗಲು ರಾತ್ರಿ ಇರುತ್ತದೆ, ಕರೆಗೆ ಹಣ ಬೇಕಿಲ್ಲ. ನಿಮ್ಮ ಗ್ರಾಮ ಪಂಚಾಯಿತಿಯಲ್ಲಿ ನಡೆಯುವ ಮಕ್ಕಳ ಗ್ರಾಮಸಭೆಯಲ್ಲೂ ಈ ಮಾತನ್ನು ಎತ್ತಬಹುದು, ಆದರೆ ಎದುರಿನ ಸಾಲಿನಲ್ಲಿ ಅಧ್ಯಾಪಕರೇ ಕುಳಿತಿರುವ ಆ ಸಭೆಗಳಲ್ಲಿ ಮಕ್ಕಳು ಶೌಚಾಲಯ, ಚರಂಡಿ, ಬಸ್ಸಿನ ವಿಷಯ ಬಿಟ್ಟು ಬೇರೆಯದನ್ನು ಕೇಳುವ ವಾತಾವರಣ ಎಷ್ಟರಮಟ್ಟಿಗಿದೆ ಎಂಬುದನ್ನು ನೀನೇ ನೋಡಿ ತೀರ್ಮಾನಿಸು.

ಶಿವಪುರದ ವಿಷಯ ಬರೆದಿದ್ದೀಯೆ. 1938ರ ಏಪ್ರಿಲಿನಲ್ಲಿ ಅಲ್ಲಿ ನಿಷೇಧಾಜ್ಞೆ ಇದ್ದರೂ ಸ್ವಾತಂತ್ರ್ಯ ಹೋರಾಟಗಾರ ಟಿ. ಸಿದ್ಧಲಿಂಗಯ್ಯನವರು ಧ್ವಜ ಹಾರಿಸಿ ಬಂಧನಕ್ಕೊಳಗಾದರು. ಅವರು ಬುದ್ಧಿ ಬಲಿತ ಹಿರಿಯರು, ಪರಿಣಾಮ ತಿಳಿದು ಮುಂದಾದವರು, ಅವರ ಹಿಂದೆ ಮೈಸೂರು ಕಾಂಗ್ರೆಸ್ಸಿನ ಸಾವಿರಾರು ಜನ ಸೇರಿದ್ದರು. ಶಾಲೆಯ ಮಕ್ಕಳನ್ನು ಅಲ್ಲಿಗೆ ಕರೆದೊಯ್ಯುವುದು ಒಳ್ಳೆಯದೇ, ಆದರೆ ಸತ್ಯಾಗ್ರಹ ಮಾಡಬೇಕಾದ ಪರಿಸ್ಥಿತಿಯನ್ನು ಮಗುವಿನ ಬೆಂಚಿನ ಬಳಿಗೇ ತಂದಿಡುವುದು ಆ ಶಾಲೆಯ ಸೋಲು. ನಿನ್ನ ಪಾಲಿನ ಕೆಲಸ ಸುಳ್ಳಿಗೆ ಸಹಿ ಹಾಕದಿರುವುದು ಮತ್ತು ಗೆಳೆಯನ ಪಕ್ಕ ಕೂರುವುದು, ಎರಡೇ. ಟ್ಯೂಷನ್ ನಿಲ್ಲಿಸುವುದು, ಮೇಷ್ಟರನ್ನು ವಿಚಾರಿಸುವುದು ದೊಡ್ಡವರ ಕೆಲಸ. ಅವರು ಅದನ್ನು ಮಾಡದಿದ್ದರೆ ನೀನು ಸೋತಂತೆ ಎಂದು ತಿಳಿಯಬೇಡ, ಪರೀಕ್ಷೆಗೆ ಓದಿಕೋ.

ಪ್ರಶ್ನೆ: ನನ್ನ ಮಗ ಮೈಸೂರಿನ ಒಂದು ಶಾಲೆಯ ಹಾಸ್ಟೆಲಿನಲ್ಲಿದ್ದು ಎಂಟನೆಯ ತರಗತಿ ಓದುತ್ತಿದ್ದಾನೆ. ದಸರಾ ರಜೆಗೆ ಬಂದವನು ಮತ್ತೆ ಹೋಗುವುದಿಲ್ಲವೆಂದು ಅತ್ತ. ಬಿಡಿಸಿ ಕೇಳಿದಾಗ, ಹತ್ತನೆಯ ತರಗತಿಯ ಕೆಲವು ಹುಡುಗರು ಚಿಕ್ಕವರಿಂದ ಬಟ್ಟೆ ಒಗೆಸುತ್ತಾರೆ, ಮನೆಯಿಂದ ಕಳಿಸಿದ ತಿಂಡಿ ಕಿತ್ತುಕೊಳ್ಳುತ್ತಾರೆ, ಒಗೆಯುವುದಿಲ್ಲ ಎಂದಿದ್ದಕ್ಕೆ ರಾತ್ರಿ ದೀಪ ಆರಿಸಿ ಹೊಡೆದರು ಎಂದ. ಯಾರಿಗೂ ಹೇಳಕೂಡದೆಂದು ನನ್ನಿಂದ ಆಣೆ ಹಾಕಿಸಿಕೊಂಡಿದ್ದಾನೆ. ವಾರ್ಡನ್‌ಗೆ ಸುಮ್ಮನೆ ಫೋನ್ ಮಾಡಿ ಹಾಸ್ಟೆಲಿನಲ್ಲಿ ಹೇಗಿದೆ ಎಂದು ಕೇಳಿದರೆ, ‘ಗಂಡುಹುಡುಗರಲ್ಲಿ ಇದೆಲ್ಲ ಇದ್ದದ್ದೇ, ಗಟ್ಟಿಯಾಗುತ್ತಾನೆ ಬಿಡಿ’ ಎಂದರು.
— ಒಬ್ಬ ತಾಯಿ, ಮೈಸೂರು ಜಿಲ್ಲೆ

ಉತ್ತರ: ತಾಯಿ, ವಾರ್ಡನ್ ಆ ಮಾತು ಹೇಳಿದ ಮೇಲೆ, ಅವರಿಗೆ ವಿಷಯ ಮೊದಲೇ ಗೊತ್ತಿದೆ ಎಂದು ತಿಳಿದುಕೊಂಡೇ ಮುಂದುವರಿಯಿರಿ. ಇನ್ನೊಮ್ಮೆ ಫೋನ್ ಮಾಡಬೇಡಿ. ಮಾಡಿದರೆ ಆ ಸುದ್ದಿ ನಿಮಗಿಂತ ಮೊದಲು ಆ ದೊಡ್ಡ ಹುಡುಗರನ್ನು ತಲುಪಬಹುದು.

ಆಣೆಯ ವಿಷಯದಲ್ಲಿ ಮಗನಿಗೆ ತಿಳಿಯದಂತೆ ಏನನ್ನೂ ಮಾಡಬೇಡಿ. ‘ನಿನಗೆ ಪೆಟ್ಟು ಬೀಳುತ್ತಿರುವಾಗ ಈ ಆಣೆಯನ್ನು ನಾನು ಉಳಿಸಿಕೊಳ್ಳಲಾರೆ, ಆದರೆ ಯಾರಿಗೆ, ಯಾವಾಗ, ಏನು ಹೇಳುತ್ತೇನೆ ಎಂಬುದನ್ನು ನಿನಗೆ ಮೊದಲೇ ತಿಳಿಸುತ್ತೇನೆ’ ಎಂದು ಅವನಿಗೆ ನೇರವಾಗಿ ಹೇಳಿ. ಮಕ್ಕಳು ಇಂಥ ಆಣೆಯನ್ನು ಹಾಕಿಸಿಕೊಳ್ಳುವುದು ದೊಡ್ಡವರು ಅವಸರದಲ್ಲಿ ಗಲಾಟೆ ಮಾಡಿ, ಆಮೇಲೆ ತಮ್ಮನ್ನು ಅದೇ ಕೋಣೆಗೆ ಬಿಟ್ಟು ಬರುತ್ತಾರೆ ಎಂಬ ಭಯದಿಂದ. ಆ ಭಯ ಸಕಾರಣವಾದದ್ದು. ಆದ್ದರಿಂದ ವ್ಯವಸ್ಥೆ ಬದಲಾಗುವವರೆಗೆ ಅವನನ್ನು ಹಾಸ್ಟೆಲಿಗೆ ಕಳಿಸಬೇಡಿ. ಕೆಲವು ದಿನದ ಪಾಠ ತಪ್ಪಿದರೆ ತಪ್ಪಲಿ.

ಮೈ ಮೇಲೆ ಗಾಯದ ಗುರುತಿದ್ದರೆ ಇಂದೇ ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಹೇಗಾಯಿತೆಂಬುದನ್ನು ವೈದ್ಯರಿಗೆ ಹೇಳಿ ಚೀಟಿಯಲ್ಲಿ ಬರೆಸಿ. ಆಮೇಲೆ ಮುಖ್ಯಸ್ಥರಿಗೆ ಲಿಖಿತ ದೂರು ಕೊಡಿ. ಕರ್ನಾಟಕ ಶಿಕ್ಷಣ ಕಾಯ್ದೆಯಲ್ಲಿ ರ‍್ಯಾಗಿಂಗ್ ಎಂದರೆ ಏನೆಂಬುದನ್ನು ವಿವರಿಸಿ ಅದನ್ನು ನಿಷೇಧಿಸಲಾಗಿದೆ: ವಿದ್ಯಾರ್ಥಿಯ ಘನತೆಗೆ ಕುಂದು ತರುವ ಅಥವಾ ಅವನನ್ನು ನಗೆಪಾಟಲು ಮಾಡುವ ಕೆಲಸವನ್ನು ತಮಾಷೆಗೆಂದಾದರೂ ಸರಿ, ಹೆದರಿಸಿ ಮಾಡಿಸಿದರೆ ಅದು ಶಿಕ್ಷಾರ್ಹ. ರ‍್ಯಾಗಿಂಗ್ ಕಾಲೇಜುಗಳಲ್ಲಿ ಮಾತ್ರ ನಡೆಯುವಂಥದ್ದೆಂದು ಬಹಳ ಜನ ತಿಳಿದಿದ್ದಾರೆ, ಕೆಲವು ಶಾಲೆಗಳ ಆಡಳಿತದವರೂ ಹಾಗೆಯೇ ತಿಳಿದಂತೆ ನಟಿಸುತ್ತಾರೆ. ನಿಮ್ಮ ದೂರಿನಲ್ಲಿ ಹತ್ತನೆಯ ತರಗತಿಯ ಹುಡುಗರಿಗೆ ಶಿಕ್ಷೆಯಾಗಲಿ ಎಂದು ಒತ್ತಾಯಿಸುವುದಕ್ಕಿಂತ, ಚಿಕ್ಕವರ ಮತ್ತು ದೊಡ್ಡವರ ಮಲಗುವ ಕೋಣೆಗಳನ್ನು ಬೇರೆ ಮಾಡಬೇಕು, ರಾತ್ರಿ ಹೊತ್ತು ಹಾಸ್ಟೆಲಿನ ಒಳಗೆ ಜವಾಬ್ದಾರಿಯುಳ್ಳ ಹಿರಿಯರೊಬ್ಬರು ಇರಬೇಕು ಎಂದು ಕೇಳಿ. ಆ ದೊಡ್ಡ ಹುಡುಗರೂ ಎರಡು ವರ್ಷದ ಹಿಂದೆ ಯಾರದೋ ಬಟ್ಟೆ ಒಗೆದವರೇ ಆಗಿರಬಹುದು. ಕತ್ತಲೆಯಲ್ಲಿ ಮಕ್ಕಳನ್ನು ಮಕ್ಕಳ ಕೈಗೇ ಒಪ್ಪಿಸಿ ಮಲಗುವ ವಾರ್ಡನ್ ಬದಲಾಗದೆ ಇದು ನಿಲ್ಲುವುದಿಲ್ಲ.

ಶಾಲೆಯವರು ಮಾತು ತೇಲಿಸಿದರೆ 1098ಕ್ಕೆ ಕರೆ ಮಾಡಿ, ಮೈಸೂರಿನ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೂ ದೂರು ಕೊಡಿ. ಇನ್ನೊಂದು ಮಾತನ್ನು ಸಂಕೋಚವಿಲ್ಲದೆ ಬರೆಯಬೇಕಾಗಿದೆ: ರಾತ್ರಿ ನಡೆದದ್ದು ಹೊಡೆತ ಮಾತ್ರವೇ ಎಂಬುದನ್ನು ನಿಧಾನವಾಗಿ, ಒತ್ತಾಯವಿಲ್ಲದೆ ತಿಳಿದುಕೊಳ್ಳಿ. ಗುಪ್ತಾಂಗಗಳನ್ನು ಮುಟ್ಟಿದ್ದು, ಬಟ್ಟೆ ಬಿಚ್ಚಿಸಿದ್ದು ಇದ್ದರೆ 2012ರ ಪೋಕ್ಸೊ ಕಾಯ್ದೆ ಗಂಡುಮಕ್ಕಳಿಗೂ ಅನ್ವಯಿಸುತ್ತದೆ, ಮತ್ತು ವಿಷಯ ತಿಳಿದವರು ಪೊಲೀಸರಿಗೆ ತಿಳಿಸಲೇಬೇಕೆಂದು ಅದರ 19ನೆಯ ಸೆಕ್ಷನ್ ಹೇಳುತ್ತದೆ. ಮಗ ನಿದ್ದೆ ಬಿಟ್ಟಿದ್ದರೆ, ಊಟ ಬಿಟ್ಟಿದ್ದರೆ, ಮಾತು ಕಡಿಮೆ ಮಾಡಿದ್ದರೆ ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲಿಯೇ ಆಪ್ತಸಮಾಲೋಚಕರೊಂದಿಗೆ ಮಾತನಾಡಬಹುದು. ಅವನು ‘ಒಗೆಯುವುದಿಲ್ಲ’ ಎಂದನಲ್ಲ, ಅದಕ್ಕಾಗಿ ಅವನನ್ನು ಒಮ್ಮೆ ಬಾಯ್ತುಂಬ ಹೊಗಳಿ. ಇಷ್ಟು ದಿನ ಆ ಮಾತಿಗೆ ಅವನಿಗೆ ಪೆಟ್ಟು ಮಾತ್ರ ಸಿಕ್ಕಿದೆ.

ಪ್ರಶ್ನೆ: ನಾನು ಏಳನೆಯ ತರಗತಿಯ ಲೀಡರ್. ಟೀಚರ್ ಇಲ್ಲದಾಗ ಮಾತನಾಡಿದವರ ಹೆಸರನ್ನು ಬೋರ್ಡಿನಲ್ಲಿ ಬರೆಯಬೇಕು. ಬರೆದರೆ ಗೆಳತಿಯರು ‘ಚಮಚ’ ಎನ್ನುತ್ತಾರೆ, ಬರೆಯದಿದ್ದರೆ ಟೀಚರ್ ಬೈಯುತ್ತಾರೆ. ಹೆಸರು ಬರೆದವರಿಗೆ ಟೀಚರ್ ಸ್ಕೇಲಿನಿಂದ ಹೊಡೆಯುತ್ತಾರೆ. ನಾನು ಏನು ಮಾಡಲಿ?
— ವಿದ್ಯಾರ್ಥಿನಿ, ಮೈಸೂರು

ಉತ್ತರ: ಮಗು, ಬೈಗುಳ ಯಾರದು ಹೆಚ್ಚು ಎಂದು ತೂಗುತ್ತ ಕೂರಬೇಡ. ನೀನು ಹೆಸರು ಬರೆದರೆ ಯಾರಿಗೋ ಪೆಟ್ಟು ಬೀಳುತ್ತದೆ ಎಂಬುದು ಇಲ್ಲಿ ಮುಖ್ಯ. ನಿನ್ನ ತರಗತಿಯ ಮಕ್ಕಳೆಲ್ಲ 14 ದಾಟದವರು, ಆದ್ದರಿಂದ ಮೇಲಿನ ಉತ್ತರದಲ್ಲಿ ಬರೆದ ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಸೆಕ್ಷನ್ ನಿಮಗೆ ನೇರವಾಗಿ ಅನ್ವಯಿಸುತ್ತದೆ, ಸ್ಕೇಲಿನಿಂದ ಹೊಡೆಯುವಂತಿಲ್ಲ. ಇದನ್ನು ಟೀಚರಿಗೆ ತಿಳಿಹೇಳುವುದು ನಿನ್ನ ಕೆಲಸವಲ್ಲ, ಅಮ್ಮ ಅಥವಾ ಅಪ್ಪ ಪೋಷಕರ ಸಭೆಯಲ್ಲಿ ಹೇಳಲಿ. ನೀನು ಮಾತ್ರ ಟೀಚರ್ ಒಬ್ಬರೇ ಇದ್ದಾಗ ಹೋಗಿ, ‘ಟೀಚರ್, ಹಾಜರಿ ಪುಸ್ತಕ ತರುವುದು, ನೋಟ್‌ಬುಕ್ ಜೋಡಿಸುವುದು, ಬೋರ್ಡ್ ಒರೆಸುವುದು ಎಲ್ಲ ಮಾಡುತ್ತೇನೆ, ಹೆಸರು ಬರೆಯುವುದು ನನಗೆ ಕಷ್ಟವಾಗುತ್ತಿದೆ’ ಎಂದು ಹೇಳು. ವಾರಕ್ಕೊಬ್ಬರು ಲೀಡರ್ ಆಗುವಂತೆ ಮಾಡಬಹುದೇ ಎಂದೂ ಕೇಳು. ಸರದಿ ತಮಗೂ ಬರುತ್ತದೆ ಎಂದು ಗೊತ್ತಾದರೆ ‘ಚಮಚ’ ಎನ್ನುವವರೂ ಕಡಿಮೆಯಾಗುತ್ತಾರೆ. ಟೀಚರ್ ಒಪ್ಪದಿದ್ದರೆ ಲೀಡರ್ ಬ್ಯಾಡ್ಜನ್ನು ವಿನಯದಿಂದ ಹಿಂದಿರುಗಿಸಬಹುದು. ಏಳನೆಯ ತರಗತಿಯ ಪಾಸಿಗೆ ಅದು ಬೇಕಾಗುವುದಿಲ್ಲ.